ಗೇಮ್‌ಗಾಗಿ ಕಾಲ್ಪನಿಕ ಯುದ್ಧವಾಹನ: ಸುಳ್ಳು ಒಂದೇ ಇರಲಿ, ಲೆಕ್ಕ ಪೂರ್ತಿ ಇರಲಿ

ಚಿತ್ರದಲ್ಲಿ ಭರ್ಜರಿಯಾಗಿ ಕಂಡ ಟ್ಯಾಂಕ್ ಗೇಮ್‌ನೊಳಗೆ ಇಳಿದ ಕೂಡಲೇ ಆಟಿಕೆಯಾಗಿಬಿಡುತ್ತದೆ. ಟರೆಟ್ (ತೋಪು ಹೊತ್ತು ಮೇಲೆ ತಿರುಗುವ ಗೂಡು) ತಿರುಗಿಸಿದರೆ ತೋಪು ಹಿಂದಿನ ಪೆಟ್ಟಿಗೆಗೆ ತಾಗುತ್ತದೆ. ಪಕ್ಕದಲ್ಲಿ ಸೈನಿಕನನ್ನು ನಿಲ್ಲಿಸಿದರೆ ಒಳಗಿಳಿಯುವ ಹ್ಯಾಚ್‌ನಲ್ಲಿ ಅವನ ಭುಜ ತೂರುವುದಿಲ್ಲ. ಓಡಿಸಿದರೆ ನಲವತ್ತು ಟನ್ನಿನ ಉಕ್ಕು ಥರ್ಮಾಕೋಲ್ ಡಬ್ಬಿಯಂತೆ ಪುಟಿಯುತ್ತದೆ.

ಇದಕ್ಕೆ ಕಾರಣ ಕೌಶಲದ ಕೊರತೆಯಲ್ಲ, ಹೆಚ್ಚಿನ ಸಲ ಕೆಲಸದ ಕ್ರಮ ತಪ್ಪಿರುತ್ತದೆ. ಹೊರಕವಚವನ್ನು ಮೊದಲು ಕೆತ್ತಿ, ಆಮೇಲೆ ಅದರೊಳಗೆ ಮನುಷ್ಯರನ್ನೂ ಎಂಜಿನ್ನನ್ನೂ ತುರುಕಲು ಹೋಗುತ್ತಾರೆ. ಜೊತೆಗೆ, ‘ಇದು ನಿಜವಾಗಿ ಸಾಧ್ಯವೇ’ ಎಂಬ ಪ್ರಶ್ನೆಗೆ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಆಡುವವರು ಅದನ್ನು ಕೇಳುವುದಿಲ್ಲ. ಒಂದು ಭಾಗ ಹೇಳಿದ್ದನ್ನು ಇನ್ನೊಂದು ಭಾಗ ಸುಳ್ಳು ಮಾಡಿದಾಗ ಮಾತ್ರ ಅವರ ಕಣ್ಣು ಕುಟುಕುತ್ತದೆ. ಆದ್ದರಿಂದ ಇಲ್ಲಿನ ಇಡೀ ವಿಧಾನ ಒಂದು ನಿಯಮದ ಮೇಲೆ ನಿಂತಿದೆ: ದೊಡ್ಡ ಸುಳ್ಳು ಒಂದೇ ಇರಬೇಕು, ಅದರ ಖರ್ಚನ್ನು ವಾಹನದ ಉಳಿದ ಭಾಗವೆಲ್ಲ ತೀರಿಸಬೇಕು.

ಉದಾಹರಣೆಗೆ ‘ಉಡ’ ಎಂಬ ಕಾಲ್ಪನಿಕ ಟ್ಯಾಂಕನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ಹೆಸರಿಗೆ ತಕ್ಕಂತೆ ಅದು ಬೆಟ್ಟದ ನೆಲಕ್ಕೆ ಮಾಡಿದ್ದು.

## ಕೈಗೆ ಬೇಕಾದ ಸಾಮಾನು

ಬ್ಲೆಂಡರ್ ಅಥವಾ ಅಂಥದೇ 3ಡಿ ತಂತ್ರಾಂಶ, ಒಂದು ಸ್ಪ್ರೆಡ್‌ಶೀಟ್, ಗ್ರಾಫ್ ಹಾಳೆ, ಪೆನ್ಸಿಲ್. ಎಲ್ಲಕ್ಕಿಂತ ಮುಖ್ಯವಾದದ್ದು 180 ಸೆಂ.ಮೀ. ಎತ್ತರದ ಮನುಷ್ಯಾಕೃತಿ: ನಿಂತದ್ದು, ಕುಳಿತದ್ದು, ಹಿಂದಕ್ಕೆ ಒರಗಿದ್ದು ಹೀಗೆ ಮೂರು ಭಂಗಿಯಲ್ಲಿ. ಫೈಲಿನಲ್ಲಿ ಇವನ್ನು ಬೇರೆ ಕಲೆಕ್ಷನ್‌ನಲ್ಲಿಡಿ, ಕೊನೆಯ ದಿನದವರೆಗೂ ಅಳಿಸಬೇಡಿ.

ಅಳತೆಯ ಘಟಕವನ್ನು ಮೊದಲ ನಿಮಿಷದಲ್ಲೇ ತೀರ್ಮಾನಿಸಿ. ಬ್ಲೆಂಡರ್‌ನಲ್ಲೂ, ಯೂನಿಟಿ, ಗೊಡೊ ಎಂಬ ಗೇಮ್ ಎಂಜಿನ್‌ಗಳಲ್ಲೂ (ಗೇಮ್ ಕಟ್ಟುವ ತಂತ್ರಾಂಶ) ಒಂದು ಯೂನಿಟ್ ಎಂದರೆ ಒಂದು ಮೀಟರ್. ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ನಲ್ಲಿ ಅದು ಒಂದು ಸೆಂಟಿಮೀಟರ್. ಇದನ್ನು ಮರೆತವರ ಟ್ಯಾಂಕ್ ಗೇಮ್ ಎಂಜಿನ್ನಿಗೆ ಬರುವಾಗ ಇರುವೆಯಾಗಿಯೋ ಬೆಟ್ಟವಾಗಿಯೋ ಬರುತ್ತದೆ.

ನೋಡಿ ಕಲಿಯಲು ಐದಾರು ನಿಜವಾದ ವಾಹನಗಳ ಚಿತ್ರಗಳು ಸಾಕು. ಅವು ಒಂದೇ ಕಾಲದ, ಒಂದೇ ದೇಶದ ವಾಹನಗಳಾಗದಿರಲಿ. ಹೊರಗಿನ ಚಿತ್ರಗಳಿಗಿಂತ ಒಳಭಾಗದ ಅಡ್ಡಸೀಳು ಚಿತ್ರಗಳು ಹತ್ತು ಪಾಲು ಉಪಯುಕ್ತ. ಗುಪ್ತ ದಾಖಲೆ ಎಂದು ಯಾರಾದರೂ ಕಳಿಸಿದರೆ ತೆರೆಯಲೇಬೇಡಿ. ಕಾಲ್ಪನಿಕ ವಾಹನಕ್ಕೆ ಅದರ ಅಗತ್ಯವೂ ಇಲ್ಲ, ಕಾನೂನಿನ ತಲೆನೋವು ಮಾತ್ರ ನಿಜ.

## ಹಂತ 1: ವಾಹನದ ಕೆಲಸವನ್ನು ಎರಡು ಸಾಲಿನಲ್ಲಿ ಬರೆಯಿರಿ

ಮೊದಲ ಸಾಲು ಲೋಕದೊಳಗಿನ ಕೆಲಸ, ಎರಡನೆಯದು ಆಟದೊಳಗಿನ ಕೆಲಸ. ಉಡದ ಮೊದಲ ಸಾಲು: ‘45 ಟನ್ ತಾಳುವ ಸೇತುವೆಗಳಿರುವ ಬೆಟ್ಟಸೀಮೆಯಲ್ಲಿ ಶತ್ರು ಟ್ಯಾಂಕ್‌ಗಳನ್ನು ದೂರದಿಂದ ಹೊಡೆಯುವುದು.’ ಎರಡನೆಯದು: ‘ನಿಧಾನವಾಗಿ, ಆದರೆ ಜೋರಾಗಿ ಹೊಡೆಯುವ ವಾಹನ, ಹೊಡೆದ ಮೇಲೆ ಕೆಲವು ಸೆಕೆಂಡ್ ದುರ್ಬಲ.’

ಮೊದಲ ಸಾಲಿನಿಂದಲೇ ತೂಕದ ಮಿತಿ ಸಿಕ್ಕಿತು: 40 ಟನ್, ಸ್ವಲ್ಪ ಉಳಿಕೆ ಇಟ್ಟುಕೊಂಡು. ಮಿತಿ ಇಲ್ಲದೆ ಹೊರಟರೆ ವಾಹನ ಊದುತ್ತಲೇ ಹೋಗುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ‘ಮೌಸ್’ 188 ಟನ್ ತೂಗುತ್ತಿತ್ತು. ಸೇತುವೆಗಳು ತಾಳವೆಂದು ನದಿಯ ತಳದಲ್ಲೇ ಅದನ್ನು ದಾಟಿಸುವ ಯೋಜನೆ ಹಾಕಬೇಕಾಯಿತು. ನಿಮ್ಮ ಕಥೆಯಲ್ಲಿ ಅಂಥದ್ದೊಂದು ಬೇಕಿದ್ದರೆ ಇರಲಿ, ಆದರೆ ನದಿಯ ಪ್ರಶ್ನೆಗೆ ನಕ್ಷೆಯಲ್ಲೇ ಉತ್ತರ ಇರಬೇಕು.

ಎಚ್ಚರಿಕೆಯ ಗುರುತು: ಎರಡು ಸಾಲಿನಲ್ಲಿ ಎಲ್ಲಾದರೂ ‘ಎಲ್ಲವನ್ನೂ ಮಾಡಬಲ್ಲ’ ಎಂಬ ಮಾತು ನುಸುಳಿದ್ದರೆ ಮುಂದೆ ಹೋಗಬೇಡಿ. ಐದು ಟರೆಟ್‌ಗಳ ಸೋವಿಯತ್ ಟಿ-35 ಆ ಆಸೆಯ ಫಲ. 1941ರಲ್ಲಿ ಅವುಗಳಲ್ಲಿ ಬಹುಪಾಲು ಶತ್ರುವಿನ ಹೊಡೆತಕ್ಕಿಂತ ಯಾಂತ್ರಿಕ ತೊಂದರೆಯಿಂದಲೇ ದಾರಿಯಲ್ಲಿ ನಿಂತವು.

## ಹಂತ 2: ಸುಳ್ಳನ್ನು ಆರಿಸಿ, ಅದರ ಬಿಲ್ ಬರೆಯಿರಿ

ಸೃಜನಶೀಲ ಸ್ವಾತಂತ್ರ್ಯ ಜಾಗ ಪಡೆಯುವುದು ಇಲ್ಲಿ. ಇಂದಿನ ತಂತ್ರಜ್ಞಾನಕ್ಕೆ ಆಗದ ಒಂದೇ ಒಂದು ಸಂಗತಿಯನ್ನು ‘ಆಗುತ್ತದೆ’ ಎಂದು ಘೋಷಿಸಿ. ಉಡದ ಸುಳ್ಳು: ಟ್ಯಾಂಕ್‌ನಲ್ಲಿ ಹಿಡಿಯುವಷ್ಟು ಚಿಕ್ಕದಾದ ರೇಲ್‌ಗನ್, ಅಂದರೆ ಸಿಡಿಮದ್ದಿನ ಬದಲು ವಿದ್ಯುತ್ ಬಲದಿಂದ ಗುಂಡು ಎಸೆಯುವ ತೋಪು.

ಈಗ ಬಿಲ್. ಒಂದು ಹಾಳೆಯನ್ನು ಎರಡು ಅಂಕಣ ಮಾಡಿ: ಇದರಿಂದ ಏನು ಹೋಗುತ್ತದೆ, ಏನು ಬರುತ್ತದೆ.

ಹೋಗುವುದು: ಸಿಡಿಮದ್ದಿಲ್ಲ, ಆದ್ದರಿಂದ ತೋಟಾದ ಕೋಶವಿಲ್ಲ. 120 ಮಿ.ಮೀ. ತೋಪಿನ ಒಂದು ತೋಟಾ ಸುಮಾರು ಒಂದು ಮೀಟರ್ ಉದ್ದ, 20 ಕೆ.ಜಿ. ಆಸುಪಾಸು ಇರುತ್ತದೆ. ಉಡದಲ್ಲಿ ಬರೀ ಲೋಹದ ಬಾಣ ಸಾಕು, ಮದ್ದಿನ ಕೋಣೆ ಕಿರಿದಾಗುತ್ತದೆ. ಇಂದಿನ ಟ್ಯಾಂಕ್‌ಗಳ ಬ್ಯಾರೆಲ್ ನಡುವೆ ಕಾಣುವ ಉಬ್ಬು ಹೊಗೆ ಹೊರಹಾಕುವುದಕ್ಕೆ ಇರುವಂಥದ್ದು. ಇಲ್ಲಿ ಹೊಗೆಯೇ ಇಲ್ಲ, ಉಬ್ಬೂ ಬೇಡ. ರೇಲ್‌ಗನ್ ಎಂದು ಹೇಳಿಕೊಂಡು ಆ ಉಬ್ಬನ್ನು ಹಾಗೇ ಉಳಿಸುವುದು ಅತಿ ಸಾಮಾನ್ಯ ತಪ್ಪು. ಚಿತ್ರ ನೋಡಿ ನಕಲು ಮಾಡಿದವರನ್ನು ಅದು ಹಿಡಿದುಕೊಡುತ್ತದೆ.

ಬರುವುದು: ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳ ಭಾರವಾದ ದಿಮ್ಮಿ. ಶಾಖ ಹೊರಹಾಕಲು ರೇಡಿಯೇಟರ್. ಗುಂಡು ಜಾರಿ ಹೋಗುವ ಎರಡು ಹಳಿಗಳನ್ನು ಬಿಗಿದು ಹಿಡಿಯಬೇಕಾದ್ದರಿಂದ ಚೌಕಕ್ಕೆ ಹತ್ತಿರವಾದ, ಪಟ್ಟಿ ಬಿಗಿದ ಬ್ಯಾರೆಲ್. ಹಳಿಗಳು ಬೇಗ ಸವೆಯುತ್ತವೆ, ಹಾಗಾಗಿ ಬುಡದಲ್ಲಿ ಬಿಚ್ಚಿ ಬದಲಿಸುವ ಬೋಲ್ಟ್ ಜೋಡಣೆ. ಅಮೆರಿಕದ ನೌಕಾಪಡೆ 2010ರ ಡಿಸೆಂಬರ್‌ನಲ್ಲಿ ಡಾಲ್‌ಗ್ರೆನ್‌ನಲ್ಲಿ 33 ಮೆಗಾಜೂಲ್ ಶಕ್ತಿಯ ರೇಲ್‌ಗನ್ ಹಾರಿಸಿ ತೋರಿಸಿತ್ತು. ಅಲ್ಲೂ ಬಿಡದೆ ಕಾಡಿದ ಸಮಸ್ಯೆಗಳಲ್ಲಿ ಹಳಿಗಳ ಸವೆತವೂ ಒಂದು. ಆ ಪ್ರಯೋಗದ ದೃಶ್ಯಗಳಲ್ಲಿ ಬಾಯಿಂದ ದೊಡ್ಡ ಬೆಂಕಿಯುಂಡೆ ಹೊಮ್ಮುವುದು ಕಾಣುತ್ತದೆ. ಆದ್ದರಿಂದ ಸಿಡಿಮದ್ದಿಲ್ಲದಿದ್ದರೂ ಬೆಂಕಿಯ ಎಫೆಕ್ಟ್ ಧಾರಾಳವಾಗಿ ಹಾಕಬಹುದು.

ಹಿಮ್ಮೆಟ್ಟುವಿಕೆ ಮಾತ್ರ ಎಲ್ಲೂ ಹೋಗುವುದಿಲ್ಲ. ಗುಂಡು ಮುಂದಕ್ಕೆ ಹೋದರೆ ತೋಪು ಹಿಂದಕ್ಕೆ ಬರಲೇಬೇಕು. ನ್ಯೂಟನ್ನನ ಮೂರನೇ ನಿಯಮಕ್ಕೆ ಕಲ್ಪನಾಲೋಕದಲ್ಲೂ ರಜೆಯಿಲ್ಲ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ವಿದ್ಯುತ್ ಹಲ್‌ನಿಂದ (ಟರೆಟ್‌ನ ಕೆಳಗಿನ ಮುಖ್ಯ ಒಡಲು) ಟರೆಟ್‌ಗೆ ಹೋಗಬೇಕಲ್ಲ ಎಂದು ಹೊರಗಿನಿಂದ ದಪ್ಪ ಕೇಬಲ್ ಎಳೆದು ತೋರಿಸುತ್ತಾರೆ. ನೋಡಲು ಚೆಂದ. ಟರೆಟ್ ಒಂದು ಸುತ್ತು ತಿರುಗಿದರೆ ಅದು ಕಿತ್ತು ಬರಬೇಕು. ದಾರಿ ಎರಡೇ: ಕೆಪಾಸಿಟರನ್ನೇ ಟರೆಟ್‌ನ ಹಿಂಭಾಗದಲ್ಲಿಡಿ, ಅಥವಾ ಟರೆಟ್ ಪೂರ್ತಿ ಸುತ್ತದಂತೆ ಮಿತಿ ಹಾಕಿ ಅದನ್ನು ಆಟದ ದೌರ್ಬಲ್ಯವಾಗಿ ಬಳಸಿ. ಉಡಕ್ಕೆ ಮೊದಲನೆಯದು ಸರಿಹೊಂದುತ್ತದೆ.

ಎರಡನೇ ಸುಳ್ಳು ಬೇಕೆನಿಸಿದಾಗ (ಬೇಕೆನಿಸಿಯೇ ತೀರುತ್ತದೆ) ಅದು ಮೊದಲನೆಯದರಿಂದಲೇ ಹುಟ್ಟುತ್ತದೆಯೇ ನೋಡಿ. ಅಷ್ಟು ವಿದ್ಯುತ್ ಇರುವ ವಾಹನ ಮೋಟರ್‌ನಿಂದ ಸದ್ದಿಲ್ಲದೆ ತೆವಳುತ್ತದೆ ಎಂದರೆ ಒಪ್ಪಬಹುದು. ಅದೇ ವಾಹನ ಅದೃಶ್ಯವೂ ಆಗುತ್ತದೆ ಎಂದರೆ ಅದು ಬೇರೆ ಟ್ಯಾಂಕ್.

## ಹಂತ 3: ಒಳಗಿನಿಂದ ಹೊರಕ್ಕೆ ಕಟ್ಟಿ

ಇಲ್ಲಿ ಅವಸರ ಮಾಡಿದವರಿಗೆ ಮುಂದಿನ ಏಳೂ ಹಂತಗಳಲ್ಲಿ ಶಿಕ್ಷೆಯಾಗುತ್ತದೆ.

ಕವಚದ ಯೋಚನೆ ಬಿಟ್ಟು, ಖಾಲಿ ಜಾಗದಲ್ಲಿ ಬರೀ ಪೆಟ್ಟಿಗೆಗಳನ್ನು ಜೋಡಿಸಿ: ಎಂಜಿನ್ ಮತ್ತು ಗೇರ್‌ಬಾಕ್ಸ್, ಇಂಧನ, ಮದ್ದುಗುಂಡು, ತೋಪಿನ ಹಿಂಭಾಗ, ಜನ. ಪ್ರತಿ ಪೆಟ್ಟಿಗೆಗೂ ಬೇರೆ ಬಣ್ಣ. ಇಂದಿನ ದೊಡ್ಡ ಟ್ಯಾಂಕ್‌ಗಳಲ್ಲಿ ಜನ ನಾಲ್ವರು: ಡ್ರೈವರ್, ಗನ್ನರ್, ಲೋಡರ್, ಕಮಾಂಡರ್. ಗುಂಡನ್ನು ಯಂತ್ರವೇ ತುಂಬಿದರೆ ಲೋಡರ್ ಬೇಡ. ಸೋವಿಯತ್ ಟಿ-72ರಲ್ಲಿ ಮೂವರೇ, ತೂಕ 41ರಿಂದ 46 ಟನ್. ಉಡದಲ್ಲೂ ಮೂವರು.

ಎತ್ತರವನ್ನು ನೆಲದಿಂದ ಕೂಡಿಸುತ್ತ ಬನ್ನಿ. ನೆಲದಿಂದ ಹೊಟ್ಟೆಯವರೆಗೆ 45 ಸೆಂ.ಮೀ. ತಳದ ಫಲಕ ಮತ್ತು ಅದರ ಮೇಲೆ ಅಡ್ಡಲಾಗಿ ಹಾಯುವ ಟಾರ್ಷನ್ ಬಾರ್‌ಗಳಿಗೆ (ಚಕ್ರಗಳಿಗೆ ಸ್ಪ್ರಿಂಗ್‌ನಂತೆ ತಿರುಚಿಕೊಳ್ಳುವ ಸರಳುಗಳು) 12. ಒರಗಿ ಕುಳಿತ ಡ್ರೈವರ್‌ಗೆ 90. ಛಾವಣಿ 3. ಅಲ್ಲಿಗೆ ಹಲ್ ಎತ್ತರ 150 ಸೆಂ.ಮೀ. ಗನ್ನರ್ ನೆಟ್ಟಗೆ ಕೂರುವುದರಿಂದ ಸೀಟು, ಹೆಲ್ಮೆಟ್ ಸೇರಿ 130 ಬೇಕು. ಅವನ ತಲೆ ತಾನಾಗಿಯೇ ಟರೆಟ್‌ನೊಳಗೆ ಹೋಗುತ್ತದೆ. ಕಾಗದದ ಮೇಲೆ 170 ಸೆಂ.ಮೀ. ಎತ್ತರದ ‘ಚಪ್ಪಟೆ’ ಟ್ಯಾಂಕ್ ಬಿಡಿಸಿದವರು ಈ ಕೂಡುಲೆಕ್ಕ ಮಾಡಿರುವುದಿಲ್ಲ. ಟಿ-72 ಗಿಡ್ಡ ಎಂದು ಹೆಸರಾದರೂ ಅದರ ಎತ್ತರ 2.2 ಮೀಟರ್ ದಾಟುತ್ತದೆ.

ನಿಜಕ್ಕೂ ಚಪ್ಪಟೆ ಬೇಕಿದ್ದರೆ ಟರೆಟ್ಟನ್ನೇ ತೆಗೆಯಬೇಕು. ಸ್ವೀಡನ್ನಿನ ಸ್ಟ್ರಿಡ್ಸ್‌ವಾಗ್ನ್ 103 ಹಾಗೇ ಮಾಡಿತು. ತೋಪು ಹಲ್‌ಗೆ ಬಿಗಿದಿದ್ದು, ಗುರಿ ಹಿಡಿಯಲು ಇಡೀ ವಾಹನವೇ ತಿರುಗಿ, ಬಾಗಿ, ಏಳುತ್ತಿತ್ತು. ಆ ಆಯ್ಕೆ ಆಟದ ನಿಯಂತ್ರಣವನ್ನೇ ಬದಲಿಸುತ್ತದೆ. ಪ್ರೋಗ್ರಾಮರ್ ಜೊತೆ ಮಾತಾಡದೆ ಆ ದಾರಿ ಹಿಡಿಯಬೇಡಿ.

ಎಂಜಿನ್ ಹಿಂದಿದ್ದರೆ ಟ್ರ್ಯಾಕನ್ನು (ಚಕ್ರಗಳ ಸುತ್ತ ಓಡುವ ಕೊಂಡಿಪಟ್ಟಿ) ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಹಿಂದೆ ಇರಲಿ. ಎಂಜಿನ್ ಮುಂದಿದ್ದರೆ ಮುಂದೆ. ಇಸ್ರೇಲಿನ ಮೆರ್ಕಾವಾದಲ್ಲಿ ಎಂಜಿನ್ ಮುಂದಿರುವುದರಿಂದಲೇ ಹಿಂದೆ ಬಾಗಿಲಿಗೆ ಜಾಗ ಸಿಕ್ಕಿತು. ಎಂಜಿನ್ ಹಿಂದೆ, ಸ್ಪ್ರಾಕೆಟ್ ಮುಂದೆ ಎಂದು ಬೆರೆಸಿದರೆ ನಡುವೆ ಜನರ ಕಾಲಡಿ ತಿರುಗುವ ದಂಡ ಹಾಯಿಸಬೇಕು. ಅಮೆರಿಕದ ಷರ್ಮನ್ ಟ್ಯಾಂಕ್ ಅಷ್ಟು ಎತ್ತರ ಆಗಲು ಇದೂ ಒಂದು ಕಾರಣ.

ಎಚ್ಚರಿಕೆಯ ಗುರುತು: ಹಲ್‌ನ ಪೆಟ್ಟಿಗೆಗಳೆಲ್ಲ ಕೂತಮೇಲೂ ಒಳಗೆ ದೊಡ್ಡ ಖಾಲಿ ಜಾಗ ಉಳಿದಿದ್ದರೆ ವಾಹನ ಅನಗತ್ಯವಾಗಿ ದೊಡ್ಡದಾಗಿದೆ. ನಿಜವಾದ ಟ್ಯಾಂಕ್‌ನೊಳಗೆ ಮೊಣಕೈ ಚಾಚಲೂ ಜಾಗವಿರುವುದಿಲ್ಲ.

## ಹಂತ 4: ತೋಪು ಎಷ್ಟು ಕೆಳಗೆ ಬಾಗುತ್ತದೆ?

ಟರೆಟ್‌ನ ಎತ್ತರವನ್ನು ತೀರ್ಮಾನಿಸುವುದು ಈ ಒಂದು ಪ್ರಶ್ನೆ. ತೋಪಿನ ಮೂತಿ ಕೆಳಗೆ ಹೋದಷ್ಟೂ ಅದರ ಹಿಂಭಾಗ ಮೇಲೇಳುತ್ತದೆ, ತಕ್ಕಡಿಯ ಹಾಗೆ. ತಿರುಗುವ ಕೀಲಿನಿಂದ ತೋಪಿನ ಹಿಂತುದಿ, ಹಿಮ್ಮೆಟ್ಟುವ ದೂರವೂ ಸೇರಿ, ಒಂದೂವರೆ ಮೀಟರ್ ಇದೆ ಎನ್ನಿ. ಮೂತಿ 10 ಡಿಗ್ರಿ ಬಾಗಿದರೆ ಹಿಂತುದಿ 26 ಸೆಂ.ಮೀ. ಏರುತ್ತದೆ, 6 ಡಿಗ್ರಿಯಾದರೆ 16. ಅದಕ್ಕೆ ತೋಪಿನ ಹಿಂಭಾಗದ ಅರ್ಧ ದಪ್ಪ, ಸುಮಾರು 22 ಸೆಂ.ಮೀ. ಸೇರಿಸಿ. ಕೀಲಿನ ಮೇಲೆ ಅಷ್ಟು ಎತ್ತರದಲ್ಲಿ ಛಾವಣಿ ಇರಬೇಕು: ಒಂದರಲ್ಲಿ 48, ಇನ್ನೊಂದರಲ್ಲಿ 38.

ಪಾಶ್ಚಾತ್ಯ ಟ್ಯಾಂಕ್‌ಗಳು 9–10 ಡಿಗ್ರಿ ಬಾಗಿಸಿ ದಿಬ್ಬದ ಹಿಂದೆ ಮೈ ಮರೆಸಿಕೊಂಡು ಹೊಡೆಯಬಲ್ಲವು, ಟರೆಟ್ ಎತ್ತರ. ಸೋವಿಯತ್ ಟ್ಯಾಂಕ್‌ಗಳದು ಬೋಗುಣಿಯಂಥ ತಗ್ಗು ಟರೆಟ್, ಬಾಗುವುದು ಸುಮಾರು 5–6 ಡಿಗ್ರಿ. ಉಡ ಬೆಟ್ಟದ ವಾಹನ, ಅದಕ್ಕೆ 10 ಬೇಕೇ ಬೇಕು. ತಗ್ಗು ಟರೆಟ್ ಎಷ್ಟೇ ಮೋಹಕವಾಗಿರಲಿ, ಬಿಡಬೇಕು. ಅಥವಾ ಛಾವಣಿಯ ನಡುವೆ ಉಬ್ಬು ಕೊಡಿ: ತೋಪು ಬಾಗುವಾಗ ಹಿಂಭಾಗ ಏರಲು ಜಾಗ. ಇಂಥ ಉಬ್ಬೇ ವಾಹನಕ್ಕೆ ಮುಖಲಕ್ಷಣ ಕೊಡುತ್ತದೆ, ಅಂಟಿಸಿದ ಅಲಂಕಾರ ಕೊಡುವುದಿಲ್ಲ.

ಟರೆಟ್ ಕೂರುವ ರಿಂಗ್‌ನ ವ್ಯಾಸವನ್ನೂ ಈಗಲೇ ನಿಗದಿ ಮಾಡಿ. ಎರಡನೇ ಮಹಾಯುದ್ಧದ ಸೋವಿಯತ್ ಟಿ-34ಕ್ಕೆ 85 ಮಿ.ಮೀ. ತೋಪು ಏರಿಸುವಾಗ ರಿಂಗನ್ನು 1425ರಿಂದ 1600 ಮಿ.ಮೀ.ಗೆ ಹಿಗ್ಗಿಸಬೇಕಾಯಿತು. ಇಂದಿನ 120 ಮಿ.ಮೀ. ತೋಪಿನ ಟ್ಯಾಂಕ್‌ಗಳಿಗೆ ಎರಡು ಮೀಟರ್ ಆಸುಪಾಸು ಬೇಕು. ಉಡದ ಅಗಲ 3.4 ಮೀ. ಎರಡು ಟ್ರ್ಯಾಕ್‌ಗೆ 58 ಸೆಂ.ಮೀ.ನಂತೆ ಕಳೆದರೆ ಒಳಗೆ 2.24 ಮೀ. ಉಳಿಯಿತು, ಪಕ್ಕದ ಫಲಕಗಳ ದಪ್ಪ ಬಿಟ್ಟರೆ ಎರಡು ಮೀಟರ್ ರಿಂಗ್ ಬಿಗಿಯಾಗಿ ಕೂರುತ್ತದೆ. ಕೂರದಿದ್ದರೆ ಹಲ್‌ನ ಮೇಲ್ಭಾಗವನ್ನು ಟ್ರ್ಯಾಕ್ ಮೇಲಕ್ಕೆ ಚಾಚಿಸಿ.

ತಪ್ಪು: ತೋಪು ಬಾಗುವ ಕೀಲನ್ನು ಟರೆಟ್‌ನ ನಟ್ಟನಡುವೆ ಇಡುವುದು. ಅದು ಮುಂಗವಚದ ಹತ್ತಿರ ಇರಬೇಕು. ನಡುವೆ ಇಟ್ಟರೆ ತೋಪು ಏರಿಳಿಯಲು ಮುಂದೆ ಉದ್ದದ ಸೀಳು ಬೇಕಾಗುತ್ತದೆ, ಶತ್ರುವಿಗೆ ಅದು ಹೆಬ್ಬಾಗಿಲು.

## ಹಂತ 5: ಕವಚ ಹೊದಿಸಿ, ತೂಗಿ ನೋಡಿ

ಪೆಟ್ಟಿಗೆಗಳ ಸುತ್ತ ಫಲಕಗಳನ್ನು ಈಗ ಬಿಗಿಯಿರಿ. ದಪ್ಪ ಎಲ್ಲ ಕಡೆ ಒಂದೇ ಆಗಿರಬಾರದು: ಮುಂದೆ ಹೆಚ್ಚು, ಪಕ್ಕದಲ್ಲಿ ಕಡಿಮೆ, ಹಿಂದೆ, ಮೇಲೆ, ಕೆಳಗೆ ಇನ್ನೂ ಕಡಿಮೆ. ಓರೆಯಾದ ಫಲಕ ಗುಂಡಿನ ದಾರಿಯಲ್ಲಿ ದಪ್ಪವಾಗುತ್ತದೆ. ಫಲಕದ ದಪ್ಪವನ್ನು ಲಂಬದಿಂದ ಓರೆಯಾದ ಕೋನದ ಕೊಸೈನ್‌ನಿಂದ ಭಾಗಿಸಿದರೆ ಸಿಗುವುದೇ ಆ ದಪ್ಪ. ಟಿ-34ರ ಮುಂದಿನ 45 ಮಿ.ಮೀ. ಫಲಕ 60 ಡಿಗ್ರಿ ಓರೆಯಿದ್ದುದರಿಂದ ನೇರ ಬಂದ ಗುಂಡಿಗೆ 90 ಮಿ.ಮೀ. ಎದುರಾಗುತ್ತಿತ್ತು. ಓರೆ ಮಾಡಿದಷ್ಟೂ ಒಳಗಿನ ಜಾಗ ನುಂಗುತ್ತದೆ, ಮೂರನೇ ಹಂತದ ಪೆಟ್ಟಿಗೆಗಳನ್ನು ಮತ್ತೆ ನೋಡಿ.

ಉಕ್ಕು ಘನ ಮೀಟರ್‌ಗೆ 7.85 ಟನ್. ಮುಂದಿನ 3 ಚದರ ಮೀಟರ್ ಫಲಕವನ್ನು 10 ಸೆಂ.ಮೀ. ದಪ್ಪಗೆ ಮಾಡಿದರೆ 2.35 ಟನ್ ಏರಿತು. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಫಲಕಕ್ಕೂ ಒಂದು ಸಾಲು ಹಾಕಿ ಕೂಡಿಸಿ, ಮೇಲೆ ಎಂಜಿನ್, ತೋಪು, ಟ್ರ್ಯಾಕ್ ಸೇರಿಸಿ. ನಿಖರತೆ ಬೇಡ, ಅಂದಾಜು ಸಾಕು. 40 ಟನ್ ಮೀರಿದರೆ ಪಕ್ಕದ ಕವಚ ಕತ್ತರಿಸಿ. ಆಟಕ್ಕೆ ಬೇಕಾದ ದೌರ್ಬಲ್ಯ ಹೀಗೆ ಪುಕ್ಕಟೆ ಸಿಗುತ್ತದೆ.

ಗುಂಡು ಸಿಕ್ಕಿಬೀಳುವ ಮೂಲೆಗಳನ್ನೂ ನೋಡಿ. ಟರೆಟ್‌ನ ಕೆಳ ಅಂಚು ಒಳಮುಖವಾಗಿ ಓರೆಯಿದ್ದರೆ, ಅದಕ್ಕೆ ತಾಗಿದ ಗುಂಡು ಜಾರಿ ಹಲ್‌ನ ತೆಳು ಛಾವಣಿಗೆ ಬೀಳುತ್ತದೆ.

## ಹಂತ 6: ಕಾಲು ಗಟ್ಟಿಯಾಗಲಿ

ತೂಕ ಗೊತ್ತಾದ ಮೇಲಷ್ಟೇ ಟ್ರ್ಯಾಕ್. ನೆಲದ ಮೇಲಿನ ಒತ್ತಡ ಎಂದರೆ ತೂಕವನ್ನು ಎರಡು ಟ್ರ್ಯಾಕ್‌ಗಳ ನೆಲ ತಾಗುವ ವಿಸ್ತೀರ್ಣದಿಂದ ಭಾಗಿಸಿದ್ದು. ಉಡಕ್ಕೆ: 40,000 ಕೆ.ಜಿ. ಭಾಗಿಸು (2 × 58 × 430 ಸೆಂ.ಮೀ.), ಅಂದರೆ ಚದರ ಸೆಂ.ಮೀ.ಗೆ 0.8 ಕೆ.ಜಿ. ಇದು ನಂಬಬಹುದಾದ ಅಂಕಿ. ಒಂದನ್ನು ಮೀರಿದರೆ ಕೆಸರಲ್ಲಿ ಹೂತುಕೊಳ್ಳುವ ವಾಹನ ಎಂದುಕೊಳ್ಳಿ.

ನಡೆದಾಡುವ ಯಂತ್ರಗಳ ಆಸೆಯಿರುವವರು ಇದೇ ಲೆಕ್ಕ ಹಾಕಲಿ. ತಲಾ ಒಂದು ಚದರ ಮೀಟರ್‌ನ ಎರಡು ಪಾದಗಳ ಮೇಲೆ 40 ಟನ್ ನಿಂತರೆ ಚದರ ಸೆಂ.ಮೀ.ಗೆ 2 ಕೆ.ಜಿ., ಹೆಜ್ಜೆ ಎತ್ತಿದಾಗ 4. ಪಾದ ದೊಡ್ಡದು ಮಾಡಿ, ಇಲ್ಲವೇ ಪ್ರತಿ ಹೆಜ್ಜೆಗೂ ನೆಲ ಕುಸಿಯುವುದನ್ನು ತೋರಿಸಿ. ಎರಡನೆಯದೇ ನೋಡಲು ಸೊಗಸು.

ಇನ್ನೊಂದು ಅನುಪಾತ: ನೆಲ ತಾಗುವ ಉದ್ದವನ್ನು ಎರಡು ಟ್ರ್ಯಾಕ್‌ಗಳ ಮಧ್ಯರೇಖೆಗಳ ಅಂತರದಿಂದ ಭಾಗಿಸಿ. ಉಡದಲ್ಲಿ 4.3 ಭಾಗಿಸು 2.82, ಸುಮಾರು 1.5. ಇದು 1.8 ದಾಟಿದರೆ ವಾಹನ ತಿರುಗಲು ಒದ್ದಾಡುತ್ತದೆ. ರೈಲು ಬೋಗಿಯಂಥ ಉದ್ದದ ಟ್ಯಾಂಕ್‌ಗಳು ಕಣ್ಣಿಗೆ ಸುಳ್ಳೆನಿಸುವುದು ಇದರಿಂದಲೇ; ಕಾರಣ ಹೇಳಲು ಬಾರದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ.

ನೆಲದ ಚಕ್ರಗಳು ಪಕ್ಕಕ್ಕೆ ಆರು ಸಾಕು. ಜರ್ಮನಿಯ ಲೆಪರ್ಡ್ 2, ಅಮೆರಿಕದ ಏಬ್ರಾಮ್ಸ್‌ನಂಥ ಭಾರದ ವಾಹನಗಳಿಗೆ ಏಳು. ಚಕ್ರಗಳನ್ನು ಒಂದರೊಳಗೊಂದು ಹೆಣೆದು ಜೋಡಿಸಿದರೆ ಭಾರ ಚೆನ್ನಾಗಿ ಹಂಚುತ್ತದೆ, ಆದರೆ ಎರಡನೇ ಮಹಾಯುದ್ಧದ ಜರ್ಮನ್ ಟೈಗರ್‌ನಲ್ಲಿ ಆದಂತೆ ನಡುವೆ ಕೆಸರು ತುಂಬಿ ಹೆಪ್ಪುಗಟ್ಟುತ್ತದೆ, ಒಳಚಕ್ರ ಬದಲಿಸಲು ಹೊರಗಿನವನ್ನೆಲ್ಲ ಕಳಚಬೇಕು. ಪ್ರತಿ ಚಕ್ರಕ್ಕೂ ಮೇಲಕ್ಕೆ 25–35 ಸೆಂ.ಮೀ. ಏರಲು ಜಾಗ ಬಿಡಿ. ಟ್ರ್ಯಾಕ್ ಮೇಲಿನ ಫೆಂಡರ್‌ಗೆ ಚಕ್ರ ಅಂಟಿಸಿದಂತಿದ್ದರೆ ಸಸ್ಪೆನ್ಷನ್ ಕೆಲಸ ಮಾಡುವಾಗ ಚಕ್ರ ಲೋಹದೊಳಗೆ ತೂರಿ ಹೋಗುತ್ತದೆ. ದಿನಬೆಳಗಾದರೆ ಕಾಣುವ ತಪ್ಪು ಇದು.

ಸ್ಪ್ರಾಕೆಟ್‌ನ ಹಲ್ಲು ಟ್ರ್ಯಾಕ್‌ನ ಕೊಂಡಿಗೆ ಹೊಂದಬೇಕು. ಕೊಂಡಿಯ ಉದ್ದ 15 ಸೆಂ.ಮೀ., ಹಲ್ಲು 12 ಆದರೆ ಸುತ್ತಳತೆ 180, ವ್ಯಾಸ ಸುಮಾರು 57 ಸೆಂ.ಮೀ. ವ್ಯಾಸವನ್ನು ಕಣ್ಣಳತೆಯಲ್ಲಿ ಹಾಕಿದರೆ ಹಲ್ಲು ಕೊಂಡಿಯ ನಡುವೆ ಬೀಳದೆ ಲೋಹವನ್ನೇ ಕಚ್ಚುತ್ತದೆ.

## ಹಂತ 7: ಈಗ ಕಲೆಗಾರಿಕೆಗೆ ಸರದಿ

ಅಸ್ಥಿಪಂಜರ ಸರಿಯಿದ್ದರೆ ಮೇಲೆ ಏನು ಬೇಕಾದರೂ ಆಡಬಹುದು. ಇಡೀ ವಾಹನವನ್ನು ಕಪ್ಪು ನೆರಳಾಗಿಸಿ, 64 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ಮುಂದು ಯಾವುದು, ಹಿಂದು ಯಾವುದು, ಟರೆಟ್ ಎತ್ತ ನೋಡುತ್ತಿದೆ ಎಂದು ತಟ್ಟನೆ ತಿಳಿಯಬೇಕು. ಗೇಮ್‌ನಲ್ಲಿರುವ ಉಳಿದ ವಾಹನಗಳ ನೆರಳುಗಳ ಪಕ್ಕದಲ್ಲಿಟ್ಟರೂ ಗೊಂದಲವಾಗಬಾರದು. ಆಗುತ್ತಿದ್ದರೆ ಹಂತ 2ರ ಬಿಲ್‌ಗೆ ಹಿಂತಿರುಗಿ, ಅಲ್ಲಿ ಬರೆದ ಭಾಗಗಳಲ್ಲಿ ಒಂದನ್ನು ಹಿಗ್ಗಿಸಿ. ಉಡದಲ್ಲಿ ಟರೆಟ್ ಹಿಂದಿನ ಕೆಪಾಸಿಟರ್ ಗೂಡು, ಅದರ ಮೇಲಿನ ರೇಡಿಯೇಟರ್ ರೆಕ್ಕೆಗಳು ಆ ಪಾತ್ರಕ್ಕೆ ಹೇಳಿ ಮಾಡಿಸಿದಂತಿವೆ. ಹೊಡೆದ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೆಂಪಗೆ ಕಾಯಲಿ. ‘ಈಗ ದುರ್ಬಲ’ ಎಂದು ಎದುರಾಳಿಗೆ ಬೇರೆ ಸೂಚನೆ ಬೇಡ.

ಅಂಕಿಗಳಲ್ಲೂ ಸ್ವಾತಂತ್ರ್ಯ ತೆಗೆದುಕೊಳ್ಳಲೇಬೇಕಾದ ಜಾಗಗಳಿವೆ. ನಿಜವಾದ ಬಾಣದಂಥ ಗುಂಡು ಸೆಕೆಂಡಿಗೆ 1700 ಮೀಟರ್‌ನಷ್ಟು ಹಾರುತ್ತದೆ. ಗೇಮ್‌ನ ನಕ್ಷೆಯಲ್ಲಿ ಎದುರಾಳಿ 300 ಮೀಟರ್ ದೂರವಿದ್ದರೆ ಸೆಕೆಂಡಿನ ಐದನೇ ಒಂದು ಭಾಗವೂ ಬೇಡ. ತಪ್ಪಿಸಿಕೊಳ್ಳುವ ಆಟವೇ ಇರುವುದಿಲ್ಲ. ವೇಗ ಇಳಿಸಿ, ಸಂಕೋಚ ಬೇಡ. ಟರೆಟ್ ತಿರುಗುವ ವೇಗವೂ ಹಾಗೆಯೇ: ಏಬ್ರಾಮ್ಸ್ ಒಂದು ಸುತ್ತು ಸುಮಾರು 9 ಸೆಕೆಂಡಿನಲ್ಲಿ ಮುಗಿಸಿದರೆ ಟೈಗರ್ ಒಂದು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಿತ್ತು. ಇವೆರಡರ ನಡುವೆ ನಿಮ್ಮ ಆಟಕ್ಕೆ ಬೇಕಾದ್ದನ್ನು ಆರಿಸಿ. ಗುಂಡು ತುಂಬುವ ಕಾಲ, ಗುಂಡುಗಳ ಸಂಖ್ಯೆ, ಸ್ಫೋಟದ ಗಾತ್ರ ಎಲ್ಲವೂ ಇದೇ ಗುಂಪಿಗೆ. ಮನುಷ್ಯನ ಅಳತೆ, ಕೀಲುಗಳ ಜಾಗ, ಟ್ರ್ಯಾಕ್ ನೆಲ ತಾಗುವ ರೀತಿ — ಇವಕ್ಕೆ ಮಾತ್ರ ಕೈ ಹಾಕಬೇಡಿ.

## ಹಂತ 8: ಸಣ್ಣಪುಟ್ಟ ವಿವರ

ವಾಹನದ ಗಾತ್ರವನ್ನು ಕಣ್ಣಿಗೆ ಹೇಳುವುದು ಸಣ್ಣ ವಸ್ತುಗಳು. ಹ್ಯಾಚ್ 50–60 ಸೆಂ.ಮೀ., ಹಿಡಿಕೆಯ ಸರಳು 2 ಸೆಂ.ಮೀ. ದಪ್ಪ, ಸರಳಿನ ಹಿಂದೆ ಕೈಗವಸಿನ ಬೆರಳಿಗೆ 6 ಸೆಂ.ಮೀ. ಬೋಲ್ಟ್ ತಲೆ 3–4 ಸೆಂ.ಮೀ. ‘ಚೆನ್ನಾಗಿ ಕಾಣಲಿ’ ಎಂದು ಬೋಲ್ಟನ್ನು 10 ಸೆಂ.ಮೀ. ಮಾಡಿದ ಕ್ಷಣ ಏಳು ಮೀಟರ್ ಟ್ಯಾಂಕ್ ಮೂರು ಮೀಟರ್‌ನ ಆಟಿಕೆಯಾಯಿತು.

ಪ್ರತಿ ಹ್ಯಾಚನ್ನೂ ತೆರೆದು ನೋಡಿ. ತೋಪು ಮುಂದಿರುವಾಗ ಡ್ರೈವರ್‌ನ ಮುಚ್ಚಳ ಬ್ಯಾರೆಲ್‌ಗೆ ತಾಗುತ್ತದೆಯೇ? ಎಳೆಯುವ ಕೊಕ್ಕೆ ಹಿಂದೆ ಮುಂದೆ ಎರಡೆರಡು, ದೀಪ, ಇಂಧನದ ಮುಚ್ಚಳ, ಗಾಳಿ ಒಳಬರುವ ಜಾಲರಿ, ಹೊಗೆ ಕೊಳವೆ, ಆಂಟೆನಾ: ಇವಿದ್ದರೆ ಉಳಿದ ಅಲಂಕಾರ ಬಹುಪಾಲು ಬೇಡವೇ ಬೇಡ.

ಬಣ್ಣದ ವಿಷಯ ಚುಟುಕಾಗಿ. ಧೂಳು ಕೆಳಗೆ, ಉಜ್ಜಿ ಹೊಳೆಯುವ ಲೋಹ ಕಾಲಿಡುವ ಜಾಗದಲ್ಲಿ ಮತ್ತು ಟ್ರ್ಯಾಕ್ ಉಜ್ಜುವಲ್ಲಿ. ಅಲ್ಯೂಮಿನಿಯಂ ಭಾಗಕ್ಕೆ ತುಕ್ಕಿನ ಕೆಂಪು ಬಳಿಯಬೇಡಿ, ರಬ್ಬರ್‌ಗೂ ಬೇಡ. ನೆರವಿನ ವಾಹನಕ್ಕೆ ರೆಡ್‌ಕ್ರಾಸ್ ಚಿಹ್ನೆ ಹಾಕುವ ಅಭ್ಯಾಸ ಬಿಡಿ. ಜಿನೀವಾ ಒಪ್ಪಂದಗಳು ಅದಕ್ಕೆ ರಕ್ಷಣೆ ಕೊಟ್ಟಿವೆ, ಕಾಲ್ಪನಿಕ ಲೋಕಕ್ಕೆ ಬೇರೆ ಚಿಹ್ನೆ ಕಟ್ಟುವುದು ಹತ್ತು ನಿಮಿಷದ ಕೆಲಸ.

## ಹಂತ 9: ಗೇಮ್ ಎಂಜಿನ್‌ಗೆ ಸಾಗಿಸುವುದು

ಎಕ್ಸ್‌ಪೋರ್ಟ್‌ಗೆ ಮುಂಚೆ ಸ್ಕೇಲ್, ರೊಟೇಷನ್ ಅಪ್ಲೈ ಮಾಡಿ. ಮರೆತರೆ ಚಕ್ರಗಳು ತಿರುಗುವಾಗ ಮೊಟ್ಟೆಯಂತೆ ಓಲಾಡುತ್ತವೆ. ಪಿವಟ್‌ಗಳು, ಅಂದರೆ ಭಾಗಗಳು ತಿರುಗುವ ಬಿಂದುಗಳು: ಚಕ್ರಕ್ಕೆ ಅಚ್ಚಿನ ನಡುವೆ, ಟರೆಟ್‌ಗೆ ರಿಂಗ್‌ನ ನಡುವೆ, ತೋಪಿಗೆ ಕೀಲಿನಲ್ಲಿ, ಬ್ಯಾರೆಲ್‌ಗೆ ಬೇರೆ ಮೂಳೆ (ಭಾಗವನ್ನು ಅಲುಗಿಸುವ ಬೋನ್). ಅದು ಹಿಮ್ಮೆಟ್ಟಿದಾಗ 30 ಸೆಂ.ಮೀ. ಹಿಂದೆ ಬರಬೇಕು.

3ಡಿ ಮಾದರಿಯ ಮೈ ಕಟ್ಟುವ ತ್ರಿಕೋನಗಳು ಸೋರಿಹೋಗುವುದು ಕಾಲಿನಲ್ಲಿ. ಪಕ್ಕಕ್ಕೆ 90 ಕೊಂಡಿ, ಕೊಂಡಿಗೆ 400 ತ್ರಿಕೋನ ಎಂದರೆ ಎರಡು ಪಕ್ಕಕ್ಕೆ 72,000. ಫೋನ್ ಗೇಮ್‌ಗೆ ಇದು ಮಾತೇ ಅಲ್ಲ. ಅಲ್ಲಿ ಟ್ರ್ಯಾಕನ್ನು ಒಂದೇ ಪಟ್ಟಿ ಮಾಡಿ, ಅದರ ಮೇಲೆ ಹೊದಿಸಿದ ಚಿತ್ರವನ್ನು, ಅಂದರೆ ಟೆಕ್ಸ್ಚರನ್ನು, ಜಾರಿಸಿ. ಟೆಕ್ಸ್ಚರ್‌ನಲ್ಲಿ 8 ಕೊಂಡಿ, ಅಂದರೆ 1.2 ಮೀಟರ್ ಇದ್ದರೆ, ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 5 ಸಲ ಜಾರಬೇಕು. ಎಡ ಬಲಕ್ಕೆ ಬೇರೆ ಬೇರೆ ಲೆಕ್ಕ, ಇಲ್ಲವಾದರೆ ತಿರುಗುವಾಗ ನೆಲದ ಮೇಲೆ ಜಾರಿದಂತೆ ಕಾಣುತ್ತದೆ.

ಕೊಂಡಿ 15 ಸೆಂ.ಮೀ. ಇರುವ ಟ್ರ್ಯಾಕ್ ಸೆಕೆಂಡಿಗೆ 9 ಮೀಟರ್, ಅಂದರೆ ಗಂಟೆಗೆ 32 ಕಿ.ಮೀ. ಓಡಿದಾಗ ಸೆಕೆಂಡಿಗೆ ಸರಿಯಾಗಿ 60 ಕೊಂಡಿ ದಾಟುತ್ತವೆ. ಪರದೆಯೂ 60 ಫ್ರೇಮ್‌ನದಾದರೆ ಟ್ರ್ಯಾಕ್ ನಿಂತೇ ಬಿಟ್ಟಂತೆ ಕಾಣುತ್ತದೆ, 16 ಕಿ.ಮೀ. ದಾಟಿದಲ್ಲಿಂದಲೇ ಹಿಂದಕ್ಕೆ ಓಡಿದಂತೆ ಕಾಣತೊಡಗುತ್ತದೆ. ಕೋಡ್‌ನಲ್ಲಿ ದೋಷ ಹುಡುಕಿ ಸುಸ್ತಾಗಬೇಡಿ, ಅದು ಅಲ್ಲಿಲ್ಲ. ಗಂಟೆಗೆ 12–14 ಕಿ.ಮೀ.ಯಿಂದ ಮಸುಕಾದ ಟೆಕ್ಸ್ಚರ್‌ಗೆ ನಿಧಾನವಾಗಿ ಬದಲಿಸಿ.

ಪುಟಿಯುವ ಡಬ್ಬಿಯ ಸಮಸ್ಯೆಯ ಮೂಲ ಹೆಚ್ಚಾಗಿ ಭಾರಕೇಂದ್ರ. ಯೂನಿಟಿಯಂಥ ಎಂಜಿನ್ ಅದನ್ನು ಕೊಲೈಡರ್‌ಗಳ (ಡಿಕ್ಕಿ ಲೆಕ್ಕಕ್ಕೆ ಹಾಕುವ ಕಾಣದ ಆಕೃತಿಗಳು) ಆಕಾರದಿಂದ ತಾನೇ ಲೆಕ್ಕ ಹಾಕುತ್ತದೆ, ಉದ್ದದ ಬ್ಯಾರೆಲ್‌ಗೂ ಕೊಲೈಡರ್ ಹಾಕಿದ್ದರೆ ಕೇಂದ್ರ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಕೈಯಾರೆ ಕೆಳಗಿಳಿಸಿ, ಹಲ್‌ನ ನೆಲದ ಮಟ್ಟದ ಹತ್ತಿರ ಇಡಿ.

## ಹಂತ 10: ಓಡಿಸಿ ಪರೀಕ್ಷಿಸಿ

ಬೂದು ಬಣ್ಣದ ಖಾಲಿ ನಕ್ಷೆಯಲ್ಲಿ ನಾಲ್ಕು ಅಡೆತಡೆ ಕಟ್ಟಿ: 31 ಡಿಗ್ರಿ ಏರು (ದೊಡ್ಡ ಟ್ಯಾಂಕ್‌ಗಳಿಗೆ ವಾಡಿಕೆಯ 60 ಪ್ರತಿಶತ ಏರು ಇದೇ), 17 ಡಿಗ್ರಿ ಪಕ್ಕದ ಓರೆ, 0.9 ಮೀಟರ್ ಎತ್ತರದ ಕಟ್ಟೆ, 2.6 ಮೀಟರ್ ಅಗಲದ ಕಂದಕ. ಕಟ್ಟೆ ಹತ್ತದಿದ್ದರೆ ಮುಂದಿನ ಚಕ್ರ ತೀರಾ ತಗ್ಗಿನಲ್ಲಿದೆ ಅಥವಾ ಹಲ್‌ನ ಮೂತಿ ಟ್ರ್ಯಾಕ್‌ಗಿಂತ ಮುಂದೆ ಚಾಚಿದೆ. ಕಂದಕದಲ್ಲಿ ಮೂತಿ ಮುಳುಗಿದರೆ ನೆಲ ತಾಗುವ ಉದ್ದ ಸಾಲದು, ಇಲ್ಲವೇ ಭಾರಕೇಂದ್ರ ಮುಂದಿದೆ. ಏರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ, ಟರೆಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ತೋಪನ್ನು ಪೂರ್ತಿ ಬಗ್ಗಿಸಿ. ಹಲ್‌ಗೆ ತಾಗುವ ಜಾಗದಲ್ಲಿ ತೋಪು ತಾನೇ ಮೇಲೇಳುವಂತೆ ಮಿತಿ ಹಾಕಿ.

ಕೊನೆಗೆ ವಾಹನವನ್ನು ಮೊದಲ ಸಲ ನೋಡುವ ಒಬ್ಬರನ್ನು ಕೂರಿಸಿ, ಏನೂ ವಿವರಿಸದೆ ಮೂರು ಪ್ರಶ್ನೆ ಕೇಳಿ: ಡ್ರೈವರ್ ಎಲ್ಲಿ ಕೂರುತ್ತಾನೆ? ಇದು ಹೊಡೆಯುವುದು ಹೇಗೆ? ನೀವಾದರೆ ಇದಕ್ಕೆ ಎಲ್ಲಿ ಹೊಡೆಯುತ್ತೀರಿ? ಮೊದಲನೆಯದಕ್ಕೆ ತಡವರಿಸಿದರೆ ಹಂತ 3ಕ್ಕೆ ಹಿಂತಿರುಗಿ, ಎರಡನೆಯದಕ್ಕಾದರೆ ಹಂತ 2ಕ್ಕೆ, ಮೂರನೆಯದಕ್ಕಾದರೆ ಹಂತ 7ಕ್ಕೆ.